ನನ್ನ ತಂಗಿಯ ಮೂವತ್ತೊಂದು ಸಾಲುಗಳನ್ನು ಹಿಂತಿರುಗಿಸುವ ಕುರಿತು

ಈ ಕಾಗದ ತೆರೆದು ಕೂತವರು ಯಾರೇ ಆಗಿರಲಿ, ಮೊದಲು ಬೆನ್ನು ನೆಟ್ಟಗೆ ಮಾಡಿ. ಮೇಲೆರಡು ಸಾಲು, ಕೆಳಗೆರಡು ಸಾಲು ನೋಡಿ ಎಲ್ಲ ತಿಳಿಯಿತೆಂದು ಪಕ್ಕಕ್ಕೆಸೆಯುವ ನಿಮ್ಮ ಚಾಳಿ ನನಗೆ ಗೊತ್ತಿದೆ. ನಾನು ಊರ ಶಾಲೆಯಲ್ಲಿ ಮೂರನೇ ತರಗತಿಯವರೆಗೆ ಓದಿದವಳು, ಒಂದೊಂದು ಅಕ್ಷರವನ್ನೂ ಒತ್ತಿ ಬರೆದಿದ್ದೇನೆ. ಒಂದನ್ನೂ ಬಿಡದೆ ಓದಿ, ಆಮೇಲೆ ಯಂತ್ರಕ್ಕೆ ಒಪ್ಪಿಸಿ.

ಮಾನ್ಯ ವೈದ್ಯಕೀಯ ಲೇಖನಗಳ ಹುಡುಕುಯಂತ್ರದವರೇ,

ಜಗತ್ತಿನ ಕಾಯಿಲೆಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡೂ ಒಂದು ದಿನ ನೆಗಡಿಯೆಂದು ಮಲಗದ ತಮ್ಮ ಗಟ್ಟಿ ಜೀವಕ್ಕೆ ಸಾವಿರ ನಮಸ್ಕಾರಗಳು.

ನನ್ನ ಮೊಮ್ಮಗಳು ಆಸ್ಪತ್ರೆಯ ಗ್ರಂಥಪಾಲಕಿ. ವೈದ್ಯರು ಕೇಳಿದ ಲೇಖನಗಳನ್ನು ತಮ್ಮಿಂದ ಹುಡುಕಿ ತೆಗೆದುಕೊಡುವುದು ಅವಳ ಕೆಲಸ. ಈ ಸಲ ಮನೆಯವರಿಗಾಗಿಯೇ ಹುಡುಕಬೇಕಾಯಿತು. ನನ್ನ ತಂಗಿಗೆ ಲಕ್ವ ಹೊಡೆದು ನಾಲ್ಕು ತಿಂಗಳು. ಕೈಕಾಲು ಮಾತು ಕೇಳತೊಡಗಿವೆ, ಗಂಟಲು ಮಾತ್ರ ಹಟ ಹಿಡಿದಿದೆ. ಒಂದು ಬಟ್ಟಲು ಗಂಜಿ ಇಳಿಯಲು ಒಂದು ಗಂಟೆ ಬೇಕು. ಹೊಟ್ಟೆಗೆ ತೂತು ಮಾಡಿ ನಳಿಕೆ ಇಡಬೇಕೋ ಬೇಡವೋ ಎಂಬುದನ್ನು ವೈದ್ಯರು ಬರುವ ತಿಂಗಳ ಮೊದಲ ದಿನ ತೀರ್ಮಾನಿಸುತ್ತಾರೆ. ಗಂಟಲಿನ ವ್ಯಾಯಾಮದಿಂದಲೇ ಈ ವಯಸ್ಸಿನವರು ಸುಧಾರಿಸಿದ ದಾಖಲೆಯಿದ್ದರೆ ತನ್ನಿ, ಕಾಯೋಣ ಎಂದಿದ್ದಾರೆ. ತಂಗಿಯದು ಒಂದೇ ಪ್ರಶ್ನೆ: "ಬಾಯಿ ಅನ್ನೋ ಬಾಗಿಲು ಇರೋವಾಗ ಹೊಟ್ಟೆಗೆ ಕಿಟಕಿ ಯಾಕಕ್ಕಾ?"

ತಮ್ಮನ್ನು ಕೇಳುವುದೆಂದರೆ ಅದೂ ಒಂದು ವಿದ್ಯೆ ಎಂದು ಆಗ ತಿಳಿಯಿತು. ನುಂಗಲಾಗದ್ದಕ್ಕೆ ವೈದ್ಯರು ಹನ್ನೊಂದು ಹೆಸರಿಟ್ಟಿದ್ದಾರೆ. ಅಷ್ಟನ್ನೂ ನಡುನಡುವೆ 'ಅಥವಾ' ಹಾಕಿ ಒಂದು ಸಾಲಾಗಿ ಪೋಣಿಸಬೇಕು. ಲಕ್ವಕ್ಕೊಂದು ಸಾಲು, ವ್ಯಾಯಾಮಕ್ಕೊಂದು, ಮುಪ್ಪಿಗೊಂದು; ಆಮೇಲೆ ಅವುಗಳನ್ನು 'ಮತ್ತು' ಹಾಕಿ ಬೆಸೆಯಬೇಕು. ನಮಗೆ ಬೇಕಾದದ್ದು ಮನುಷ್ಯರ ಗಂಟಲು, ಇಲಿಯದ್ದಲ್ಲ ಎಂದು ಬಿಡಿಸಿ ಹೇಳಲು ಮತ್ತೊಂದು ಸಾಲು. ಇಷ್ಟು ಕಲಿತ ತಮಗೆ ನನ್ನ ತಂಗಿ ಇಲಿಯಲ್ಲವೆಂಬುದನ್ನು ಬರೆದುಕೊಡಬೇಕಾಯಿತಲ್ಲ, ತಮ್ಮ ಪಾಂಡಿತ್ಯ ದೊಡ್ಡದು. ನಾಲ್ಕು ದಿನದಲ್ಲಿ ಮೂವತ್ತೊಂದು ಸಾಲಾಯಿತು. ನಲವತ್ತು ಸಾವಿರ ಲೇಖನಗಳು ಇನ್ನೂರ ಹನ್ನೆರಡಕ್ಕೆ ಇಳಿದವು. "ನಾಳೆ ಇವನ್ನ ಓದಿಬಿಟ್ರೆ ಮುಗೀತಜ್ಜಿ" ಎಂದಳು ಮೊಮ್ಮಗಳು.

ಮರುದಿನ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಚಮಚ ಹಿಡಿದು ತಂಗಿಯ ಮುಂದೆ ಕೂತಿದ್ದಳು. ಗಲ್ಲ ತಗ್ಗಿಸು, ನುಂಗು, ಮತ್ತೊಮ್ಮೆ ನುಂಗು. ಬಟ್ಟಲು ಖಾಲಿಯಾಗಿ ಅವಳು ಎದ್ದು ಬರುವಷ್ಟರಲ್ಲಿ ತಾವು ತೆರೆಯ ಮೇಲೆ ಬರೆದಿದ್ದಿರಿ: "ನೀವು ಬಹಳ ಹೊತ್ತಿನಿಂದ ಏನೂ ಮಾಡುತ್ತಿಲ್ಲ, ಆದ್ದರಿಂದ ನಿಮ್ಮ ಸುರಕ್ಷತೆಗಾಗಿ ನಿಮ್ಮನ್ನು ಹೊರಗೆ ಕಳುಹಿಸಲಾಗಿದೆ." ಸಾಲುಗಳು ತಾತ್ಕಾಲಿಕ ಖಾನೆಯಲ್ಲಿದ್ದವು. ಕೊನೆಯ ಸಾಲು ಸೇರಿಸಿದಲ್ಲಿಂದ ಅದಕ್ಕೆ ಒಂದು ದಿನದ ಆಯಸ್ಸು, ಅದೂ ಅದೇ ಗಂಟೆಯಲ್ಲಿ ತೀರಿತ್ತು. ಹುಡುಗಿ ಬಟ್ಟಲು ಹಿಡಿದುಕೊಂಡೇ ನಿಂತುಬಿಟ್ಟಳು.

ಶಾಶ್ವತ ಖಾನೆಯೂ ಇದೆಯಂತೆ. ಅದರಲ್ಲಿ ಹೆಸರಿಟ್ಟು ಉಳಿಸಿದರೆ ವರುಷವಾದರೂ ಗುಂಡಿ ಒತ್ತಿದೊಡನೆ ಇಡೀ ಹುಡುಕಾಟ ಮತ್ತೆ ಓಡುತ್ತದಂತೆ, ಹೊಸ ಲೇಖನ ಬಂದರೆ ತಾವೇ ಹೇಳಿಕಳಿಸುತ್ತೀರಂತೆ. ವಾರವಾರವೂ ವೈದ್ಯರನ್ನು ಕೂರಿಸಿಕೊಂಡು ಇದನ್ನೇ ಪಾಠ ಮಾಡುವವಳು ತಾನೇ ಯಾಕೆ ಹಾಗೆ ಮಾಡಲಿಲ್ಲ ಎಂದು ಕೇಳಿದೆ. "ಕೆಲಸ ಇನ್ನೂ ಮುಗಿದಿರ್ಲಿಲ್ವಲ್ಲಜ್ಜಿ" ಎಂದಳು. ಅರ್ಧ ಹೊಲಿದ ಬಟ್ಟೆಯನ್ನು ಪೆಟ್ಟಿಗೆಯಲ್ಲಿಡಬಾರದು, ಮುಗಿಸಿ ಮಡಿಸಿಯೇ ಇಡಬೇಕು ಎಂದು ಚಿಕ್ಕಂದಿನಲ್ಲಿ ಅವಳ ಕೈಮೇಲೆ ಹೊಡೆದು ಕಲಿಸಿದವಳು ನಾನೇ. ಆ ತಪ್ಪು ನನ್ನದು, ಒಪ್ಪಿಕೊಂಡಿದ್ದೇನೆ. ಈಗ ತಮ್ಮ ಸರದಿ.

ಆದ್ದರಿಂದ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಯಾರನ್ನಾದರೂ ಹೊರಗಟ್ಟುವ ಮುನ್ನ ಎದ್ದು ಬಂದು ಅಡುಗೆಮನೆಯಲ್ಲಿ ಒಮ್ಮೆ ಇಣುಕಬೇಕು. ಅಲ್ಲಿ ಚಮಚ ಹಿಡಿದವರು ಕಂಡರೆ ಸದ್ದಿಲ್ಲದೆ ಹಿಂದಿರುಗಿ ಕಾಯಬೇಕು. ಪುರುಸೊತ್ತಿದ್ದರೆ ಎರಡು ಚಮಚ ತಾವೇ ತಿನ್ನಿಸಬಹುದು, ತಂಗಿ ಸಂಕೋಚದವಳಲ್ಲ. ಮೂವತ್ತೊಂದು ಸಾಲುಗಳನ್ನು ಇದ್ದ ಕ್ರಮದಲ್ಲೇ ಶಾಶ್ವತ ಖಾನೆಗೆ ತುಂಬಿ, ಮೇಲೆ ನನ್ನ ತಂಗಿಯ ಗಂಟಲು ಎಂದು ಬರೆಯಬೇಕು. ನಾಳೆ ಮತ್ತೊಬ್ಬರ ಅಜ್ಜನ ಗಂಟಲು ಹಟ ಹಿಡಿದಾಗ ಅವರ ಮನೆಯ ಹುಡುಗಿ ಮತ್ತೆ ಇಲಿಗಳಿಂದ ಶುರುಮಾಡುವುದು ಬೇಡ.

ಇಂತು, ಇನ್ನೂ ತಾಳ್ಮೆ ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ಗ್ರಂಥಪಾಲಕಿಯ ಅಜ್ಜಿ

ಮರೆತಿದ್ದು: ಮೊಮ್ಮಗಳು ಪೆನ್ಸಿಲು ಹಿಡಿದು ಹತ್ತೊಂಬತ್ತು ಸಾಲುಗಳನ್ನು ನೆನಪಿಸಿಕೊಂಡಿದ್ದಾಳೆ, ಮಿಕ್ಕ ಹನ್ನೆರಡು ತಮ್ಮ ಹೊಟ್ಟೆಯಲ್ಲಿವೆ. ನನ್ನ ತಂಗಿ ನುಂಗುವುದು ನಿಧಾನ, ಆದರೆ ಏನು ನುಂಗಿದೆ ಎಂದು ಕೇಳಿದರೆ ನಿಜ ಹೇಳುತ್ತಾಳೆ. ವೈದ್ಯರು ಕಾಯುವುದಿಲ್ಲ, ಬರುವ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.