ಚಂದ್ರಲೋಕಕ್ಕೆ ಮೂರು ಕಾಫಿ ಬೀಜ

ಮನುಷ್ಯ ಚಂದ್ರನ ಮೇಲೆ ಕಾಲಿಡುವುದಕ್ಕೆ ಎಷ್ಟೋ ವರ್ಷ ಮೊದಲೇ ಶ್ರೀಮಂಗಲದ ಆಸುಪಾಸಿನ ಹತ್ತಿಪ್ಪತ್ತು ಜನ ಅಲ್ಲಿಗೆ ಹೋಗಿ ಆನೆ ತುಳಿದು ಸತ್ತಿದ್ದರು ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು. ಏಕೆಂದರೆ ಸತ್ತವರಲ್ಲಿ ನಾನೂ ಒಬ್ಬಳು! ನಮ್ಮನ್ನೆಲ್ಲ ಅಲ್ಲಿಗೆ ಕಳಿಸಿದವರು ಚಿಕ್ಕಮಾವ, ಅಂದರೆ ನನ್ನ ಯಜಮಾನರ ಚಿಕ್ಕಪ್ಪ. ಅವರ ತಲೆ ಸರಿ ಇದೆಯೋ ಇಲ್ಲವೋ ಎಂಬುದು ನನಗೆ ಬಹಳ ಕಾಲ ಇತ್ಯರ್ಥವಾಗಿರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೆಚ್ಚು ವರ್ಷವಾಗಿರಲಿಲ್ಲ. ನಾನು ಕುಶಾಲನಗರದ ಕಡೆಯ ಬೇಸಾಯಗಾರರ ಮನೆಯವಳು. ಚಿಕ್ಕಮಾವ ಶ್ರೀಮಂಗಲದ ಹತ್ತಿರದ ಒಂದು ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರು. ತಂದೆಯಿಲ್ಲದ ನನ್ನ ಯಜಮಾನರನ್ನು ಸಾಕಿ, ಓದಿಸಿ, ಶಾಲೆ ಮೇಷ್ಟ್ರು ಮಾಡಿದವರು ಅವರೇ. ಹಾಗಾಗಿ ಮದುವೆಯಾದ ಮೇಲೆ ನಾವೂ ಅವರ ಕ್ವಾರ್ಟರ್ಸಿನಲ್ಲೇ ಇದ್ದೆವು. ನಾನು ಬಂದ ಮರುದಿನ ಬೆಳಿಗ್ಗೆ ಚಿಕ್ಕಮಾವ ಬಹಳ ಗಂಭೀರವಾಗಿ ನನ್ನ ಅಂಗೈಯಲ್ಲಿ ಮೂರು ಹಸಿ ಕಾಫಿ ಬೀಜ ಇಟ್ಟು, "ಮೂರು ಜೀವ ಉಟ್ಟು. ಜೋಪಾನ" ಎಂದರು. ಅವರ ಮಾತಿನಲ್ಲಿ ಉಟ್ಟು ಎಂದರೆ ಇದೆ ಎಂದು. ಇದು ಈ ಮನೆಯ ಶಾಸ್ತ್ರವಿರಬೇಕು ಎಂದುಕೊಂಡೆ. ಬೀಜಗಳನ್ನು ಕಣ್ಣಿಗೊತ್ತಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿ, ಅವರ ಕಾಲಿಗೆ ಬಿದ್ದೆ.

"ಎಂತ ಮಾಡ್ತಿದ್ದೀ? ಗಂಟು ಬಿಚ್ಚು ಮಾರಾಯ್ತಿ, ಆಟಕ್ಕೆ ಬೇಕು!" ಎಂದು ಅವರು ಹಿಂದಕ್ಕೆ ಹಾರಿದರು.

ಆಟವೆಂದರೆ ಜಗಲಿಯ ಮೂಲೆಯಲ್ಲಿದ್ದ ಒಂದು ಮರದ ಪೆಟ್ಟಿಗೆ. ಅದಕ್ಕೆ ಮುಂದೊಂದು ಕಿಟಕಿ, ಒಳಗೆ ಎರಡು ಉರುಳೆ, ಉರುಳೆಗಳಿಗೆ ಸುತ್ತಿದ ಉದ್ದನೆಯ ಕಾಗದ. ಬಲಗೈಯಲ್ಲಿ ಹಿಡಿ ತಿರುಗಿಸಿದರೆ ಕಾಗದದ ಮೇಲೆ ಬರೆದ ಚಂದ್ರಲೋಕ ಕಿಟಕಿಯಲ್ಲಿ ಒಂದೇ ಕಡೆಗೆ ಸರಿಯುತ್ತಾ ಹೋಗುತ್ತದೆ. ಎಡಗೈಯಲ್ಲಿ ಕೊಡೆಯ ಕಡ್ಡಿ. ಅದರ ತುದಿಗೆ ಒಬ್ಬ ರಟ್ಟಿನ ಆಕಾಶಯಾತ್ರಿ. ಬಂಡೆ ಬಂದರೆ ಅವನನ್ನು ಹಾರಿಸಬೇಕು, ಗುಂಡಿ ಬಂದರೆ ದಾಟಿಸಬೇಕು. ತಾಗಿತೋ ಇಲ್ಲವೋ ಎಂದು ತೀರ್ಪು ಕೊಡುವವರು ಪಕ್ಕದಲ್ಲೇ ಕೂತ ಚಿಕ್ಕಮಾವ. ತಾಗಿದರೆ ದನದ ಕೊರಳ ಗಂಟೆ ಬಾರಿಸಿ "ಸತ್ತ!" ಎನ್ನುತ್ತಿದ್ದರು. ಒಂದು ಬೀಜ ವಾಪಸು ಕೊಟ್ಟು ಮೊದಲಿನಿಂದ ಹೊರಡಬೇಕು. ರಷ್ಯಾದವರು ಆಕಾಶಕ್ಕೆ ನಾಯಿ ಕಳಿಸಿದ ಸುದ್ದಿ ಓದಿದ ಮೇಲೆ ಇವರಿಗೆ ಹೀಗಾಯಿತು ಎಂದು ನನ್ನ ಯಜಮಾನರು ಹೇಳಿದರು. ನಾಯಿಯ ಗತಿ ಏನಾಯಿತು ಎಂದು ನಾನು ಕೇಳಲಿಲ್ಲ.

ಆ ಲೋಕದಲ್ಲಿ ಬಂಡೆ ಇದ್ದರೆ ಸರಿ, ಜಿಗಣೆಯೂ ಇತ್ತು!

"ಚಂದ್ರನಲ್ಲಿ ಜಿಗಣೆ ಇರ್ತದಾ ಮಾವ?"

"ಮಳೆ ಬೀಳುವ ಕಡೆ ಜಿಗಣೆ ಇರದೆ?"

"ಅಲ್ಲಿ ಮಳೆ ಬೀಳ್ತದೆ ಅಂತ ಯಾರು ಹೇಳಿದ್ದು?"

ಅವರು ಸುರುಳಿ ಬಿಡಿಸಿ ಬೆನ್ನು ತೋರಿಸಿದರು. ಅಲ್ಲಿ ಅವರದೇ ಅಕ್ಷರದಲ್ಲಿ ಬರೆದಿತ್ತು: ಜುಲೈ, ಎರಡು ಇಂಚು ಎಪ್ಪತ್ತು ಸೆಂಟು! ಕಾಫಿ ತೋಟದವರು ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡುತ್ತಾರಲ್ಲ, ಆ ಹಳೆಯ ಪುಸ್ತಕಗಳ ಹಾಳೆ ಕಿತ್ತು, ಅಂಟಿಸಿ, ಹಿಂಬದಿಯಲ್ಲಿ ಚಂದ್ರನನ್ನು ಬರೆದಿದ್ದರು.

ಆನೆಯದ್ದೂ ಇದೇ ಕತೆ. ಕೇರಳದ ಗಡಿಯ ಕುಟ್ಟದಿಂದ ಬರುತ್ತಿದ್ದ ಮಲಯಾಳಿ ಜೀಪ್ ಡ್ರೈವರ್, "ಚಂದ್ರನಿಗೆ ಆನೆ ಹೇಗೆ ಬಂತು ಸಾರೇ?" ಎಂದು ಕೇಳಿದ.

"ಕುಟ್ಟದಿಂದ ಹೊರಟ ಆನೆ ಎಲ್ಲಿಗೆ ಬೇಕಾದರೂ ಹೋಗ್ತದೆ."

"ಅದು ಶರಿ. ಆದ್ರೆ ಒಂದು ಚಾಯಕ್ಕಡ ಇಲ್ಲದ ಊರಿಗೆ ಞಾನ್ ಬರೂಲ."

ಮರುದಿನ ಆನೆಗಿಂತ ಸ್ವಲ್ಪ ಈಚೆಗೆ ಒಂದು ಚಹಾದಂಗಡಿ ಎದ್ದಿತು. ಅಲ್ಲಿಯವರೆಗೆ ತಲುಪಿ ಸತ್ತವರು ಮತ್ತೆ ಮೊದಲಿನಿಂದ ಹೊರಡಬೇಕಿಲ್ಲ, ಅಂಗಡಿಯಿಂದಲೇ ಹೊರಡಬಹುದು ಎಂದು ಕಾನೂನಾಯಿತು.

ಇಷ್ಟೇ ಆಗಿದ್ದರೆ ನಗಬಹುದಿತ್ತು. ನನಗೆ ಸಿಟ್ಟು ಬರುತ್ತಿದ್ದದ್ದು ಆ ಪೆಟ್ಟಿಗೆಯ ಹಿಡಿಯ ವಿಷಯಕ್ಕೆ. ಅದು ಚಿಕ್ಕಮಾವನ ಹೆಂಡತಿ ಚಿಕ್ಕತ್ತೆಯ, ಬೀಜ ಪುಡಿ ಮಾಡುವ ಕಾಫಿ ಮಿಷನ್ನಿನ ಹಿಡಿ! ನಾನು ಬರುವುದಕ್ಕೆ ಮೊದಲೇ ಚಿಕ್ಕತ್ತೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಗೋಣಿಕೊಪ್ಪಲಿನ ಡಾಕ್ಟರು, "ಕೈಗೆ ಕೆಲಸ ಕೊಡಿ, ತಿರುಗಿಸಿ, ಬಿಟ್ಟರೆ ಹಾಗೇ ಉಳಿದುಬಿಡುತ್ತದೆ" ಎಂದಿದ್ದರಂತೆ. ಚಿಕ್ಕತ್ತೆ ಒಮ್ಮೆ ಮಿಷನ್ ತಿರುಗಿಸಲು ಹೋಗಿ, ಕೈ ಜಾರಿ, ಹುರಿದ ಬೀಜವೆಲ್ಲ ನೆಂಟರ ಮುಂದೆ ಚೆಲ್ಲಿಹೋಯಿತಂತೆ. ಅಂದಿನಿಂದ ಆ ಕೈ ಸೆರಗಿನೊಳಗೆ ಸೇರಿದ್ದು ಹೊರಗೆ ಬಂದಿರಲಿಲ್ಲ. ಅಂಥವರ ಮಿಷನ್ನಿನ ಹಿಡಿ ಕಿತ್ತು ಚಂದ್ರನಿಗೆ ಹಾಕುವುದೇ? ನಾನು ಬೀಜವನ್ನು ಒರಳಲ್ಲಿ ಕುಟ್ಟುತ್ತಿದ್ದೆ. ಮನೆಮಂದಿಯೆಲ್ಲ ಹಲ್ಲಿಗೆ ಸಿಕ್ಕುವ ಕಾಫಿ ಕುಡಿಯುತ್ತಿದ್ದೆವು.

"ನನ್ನ ಹಿಡಿ ಕೊಡಿ" ಎಂದು ಚಿಕ್ಕತ್ತೆ ದಿನಕ್ಕೊಮ್ಮೆ ಹೇಳುತ್ತಿದ್ದರು.

"ಬಂದು ತಕೋ" ಎಂದು ಚಿಕ್ಕಮಾವ ಅಷ್ಟೇ ಸಲ ಹೇಳುತ್ತಿದ್ದರು. ಚಿಕ್ಕತ್ತೆ ಮುಖ ತಿರುಗಿಸುತ್ತಿದ್ದರು.

ಹೀಗಿರುವಾಗ ಎಸ್ಟೇಟಿನ ಧಣಿ ಜೀಪಿನಲ್ಲಿ ಬಂದರು. ಹಿಂದಿನ ವರ್ಷ ಹೂಮಳೆ ಎಷ್ಟು ಬಿದ್ದಿತ್ತು ಎಂದು ಅವರಿಗೆ ಬೇಕಿತ್ತು. ಕಾಫಿ ಹೂ ಅರಳಿಸುವ ಆ ಮಳೆಯ ವಿಷಯದಲ್ಲಿ ತೋಟದವರು ದೇವರನ್ನೂ ನಂಬುವುದಿಲ್ಲ, ಪುಸ್ತಕ ನೋಡಿಯೇ ಮಾತಾಡುತ್ತಾರೆ. ಪುಸ್ತಕ ಎಲ್ಲಿದೆ? ಚಂದ್ರನ ಬೆನ್ನಿಗಿದೆ! ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತದೆ. ಚಿಕ್ಕಮಾವ ಮಾತ್ರ ಧಣಿಯ ಅಂಗೈಯಲ್ಲಿ ಮೂರು ಬೀಜ ಇಟ್ಟರು.

"ನನ್ನ ಮಳೆ ನೋಡೋಕೆ ನಾನು ಚಂದ್ರನಿಗೆ ಹೋಗ್ಬೇಕಾ ರೈಟರೇ?"

"ಬೇರೆ ದಾರಿ ಇಲ್ಲೆ ಧಣಿ. ನಿಮ್ಮ ಏಪ್ರಿಲ್ ಆನೆಯಿಂದ ಆಚೆ ಉಟ್ಟು."

ಧಣಿ ಟೊಪ್ಪಿ ತೆಗೆದಿಟ್ಟು ಕೂತರು. ಮೊದಲ ಜೀವ ಜಿಗಣೆಗೆ ಹೋಯಿತು. ಎರಡನೆಯದೂ ಜಿಗಣೆಗೇ. ಕಾಡಿನಲ್ಲಿ ಹುಲಿ ಹೊಡೆದ ಮನುಷ್ಯ! ಮೂರನೆಯ ಸಲ ಹೇಗೋ ಚಹಾದಂಗಡಿ ದಾಟಿ, ಬೆವರಿಳಿಸುತ್ತಾ ಆನೆಯ ಸೊಂಡಿಲಿಗೇ ಆಕಾಶಯಾತ್ರಿಯನ್ನು ಒಯ್ದು ಕೊಟ್ಟರು. ಗಂಟೆ ಬಾರಿಸಲು ಕೈಯೆತ್ತಿದ ಚಿಕ್ಕಮಾವ ಹಾಗೇ ನಿಂತುಬಿಟ್ಟರು. ಬಾಗಿಲಲ್ಲಿ ಚಿಕ್ಕತ್ತೆ ನಗುತ್ತಿದ್ದರು. ನಗು ಮುಚ್ಚಿಕೊಳ್ಳಲೆಂದು ಅವರ ಬಲಗೈ ಸೆರಗಿನಿಂದ ಹೊರಬಂದು ಅರ್ಧ ಎತ್ತರಕ್ಕೆ ಎದ್ದಿತ್ತು.

"ಆ ಹಿಡಿಯನ್ನು ಹಾಗೆ ಹಿಡಿಯೋದಲ್ಲ ಧಣಿ" ಎಂದರು ಅವರು. "ಸ್ವಲ್ಪ ಒಳಗೆ ಒತ್ತಿ ತಿರುಗಿಸ್ಬೇಕು. ಇಪ್ಪತ್ತು ವರ್ಷದಿಂದ ನನ್ನ ಕೈಲಿ ಉಟ್ಟು ಅದು."

ಧಣಿ ಎದ್ದು ಜಾಗ ಬಿಟ್ಟರು. ಚಿಕ್ಕತ್ತೆ ಬಂದು ಕೂತು, ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿಯ ಮೇಲಿಟ್ಟರು. ಕಡ್ಡಿಯನ್ನು ಚಿಕ್ಕಮಾವ ಹಿಡಿದುಕೊಂಡರು. ಚಂದ್ರಲೋಕ ಒಂದು ಗೇಣು ಸರಿಯಿತು, ನಿಂತಿತು, ಇನ್ನೊಂದು ಗೇಣು ಸರಿಯಿತು. ಏಪ್ರಿಲ್ ಆ ದಿನ ಸಿಗಲಿಲ್ಲ. ಧಣಿ ಬೈಯಲೂ ಇಲ್ಲ, ಮರುದಿನ ಮತ್ತೆ ಬಂದರು. ಮಳೆ ನೋಡಲು ಬಂದರೋ ಆನೆಯ ಮೇಲಿನ ಸೇಡಿಗೋ, ದೇವರೇ ಬಲ್ಲ.

ಅಲ್ಲಿಂದ ಮುಂದೆ ನನ್ನ ಗೊಂದಲ ಇನ್ನೂ ಹೆಚ್ಚಿತು. ಚಿಕ್ಕತ್ತೆ ದಿನಾ ತಿರುಗಿಸುತ್ತಾರೆ, ಚಿಕ್ಕಮಾವ ದಿನಾ ಹಾರಿಸುತ್ತಾರೆ. ಇನ್ನೇನು ಕಾಗದ ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಐದು ಹಾಳೆ ಅಂಟಿರುತ್ತದೆ! ಚಂದ್ರ ಮುಗಿದು ಮಂಗಳ ಬಂತು, ಮಂಗಳದಲ್ಲೂ ಜಿಗಣೆ ಬಂತು. ಉರುಳೆ ದಪ್ಪವಾಗಿ, ಒಮ್ಮೆ ನಾನು ತಿರುಗಿಸಲು ಹೋದರೆ ತೋಳು ನೋಯಿತು.

"ಇದನ್ನು ಮುಗಿಸಬಾರದಾ ಮಾವ? ಎಷ್ಟು ಭಾರ!"

"ಭಾರ ಆಗಲಿ" ಎಂದರು. ಇನ್ನೊಂದು ಹಾಳೆಗೆ ಅಂಟು ಸವರಿದರು.

ಒಂದು ಬೆಳಿಗ್ಗೆ ನಾನು ಏಳುವಾಗ ಅಡುಗೆಮನೆಯಿಂದ ಗರಗರ ಸದ್ದು ಬರುತ್ತಿತ್ತು. ಆ ಮನೆಯಲ್ಲಿ ನಾನು ಎಂದೂ ಕೇಳದ ಸದ್ದು. ಹೋಗಿ ನೋಡಿದರೆ ಚಿಕ್ಕತ್ತೆ ಕಾಫಿ ಮಿಷನ್ ತಿರುಗಿಸುತ್ತಿದ್ದಾರೆ, ಬಲಗೈಯಲ್ಲಿ! ಜಗಲಿಯ ಪೆಟ್ಟಿಗೆಗೆ ಹಿಡಿ ಇರಲಿಲ್ಲ. ಅದರ ಪಕ್ಕ ಕೂತ ಚಿಕ್ಕಮಾವ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನ ಮಂದ ತಲೆಗೆ ಆಗ ಹೊಳೆಯಿತು. ಈ ಮನುಷ್ಯ ಅಷ್ಟು ದಿನ ಕಾಗದ ಅಂಟಿಸಿ ಅಂಟಿಸಿ ಚಂದ್ರನನ್ನು ಕಾಫಿ ಮಿಷನ್ನಿನಷ್ಟು ಭಾರ ಮಾಡುತ್ತಿದ್ದರು.

"ಇನ್ನು ಆಟ ಹೇಗೆ ಮಾವ?" ಎಂದೆ.

ಅವರು ಎದ್ದು ಒಳಗೆ ಹೋಗಿ, ಜೇಬಿನಿಂದ ಮೂರು ಬೀಜ ತೆಗೆದು ಮಿಷನ್ನಿನ ಬಾಯಿಗೆ ಹಾಕಿದರು.

"ಹಸಿ ಬೀಜ ಹಾಕ್ತೀರಲ್ಲ! ತಲೆ ಸರಿ ಉಟ್ಟಾ ನಿಮಗೆ?" ಎಂದು ಚಿಕ್ಕತ್ತೆ ಗದರಿದರು.

"ಇನ್ನು ನಂಗೆ ಈ ಮೂರು ಜೀವ ಎಂತಕೆ? ನೀನು ತಿರುಗಿಸು" ಎಂದರು ಚಿಕ್ಕಮಾವ.

ಚಿಕ್ಕತ್ತೆ ತಿರುಗಿಸಿದರು. ಆ ದಿನದ ಕಾಫಿಯಲ್ಲಿ ಹಸಿ ವಾಸನೆ ಇತ್ತು. ನಾನು ಒಂದು ಹನಿಯೂ ಬಿಡದೆ ಕುಡಿದೆ.