ಕರ್ನೆಲ್ಲಿಗೆ ನಾನು ಕಟ್ಟಿಕೊಟ್ಟ ಬುತ್ತಿ

ಲ್ಯಾಪ್‌ಟಾಪ್ ಕೆಟ್ಟಿತೆಂದು ಅಂಗಡಿಗೆ ಒಯ್ಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ಪಾಪ, ಅವರ ಮನೆಯಲ್ಲಿ ನನ್ನಂಥ ತಜ್ಞರಿಲ್ಲ!

ಆ ದಿನ ಹನ್ನೊಂದಕ್ಕೆ ನೇಕಾರ ಈರಪ್ಪ ಬರುವವನಿದ್ದ. ತನ್ನ ತಂಗಿಯ ಮಗಳ ಮದುವೆ ಸೀರೆಗೆಂದು ನನ್ನ ಹೆಂಡತಿ ಶಾಂತಾ ಎರಡು ತಿಂಗಳು ಕೂತು ಲ್ಯಾಪ್‌ಟಾಪಿನಲ್ಲಿ ಬಿಡಿಸಿದ್ದ ಸೆರಗಿನ ಡಿಸೈನನ್ನು ಅವನಿಗೆ ಕೊಡಬೇಕಿತ್ತು.

"ಈ ಡಬ್ಬಿ ಚಾಲೂ ಆಗೂದ್ರಾಗ ನಾ ನಾಕ ರೊಟ್ಟಿ ಬಡೀತೇನಿ," ಎಂದಳು.

"ತಡಿ. ಇನ್ನ ಮ್ಯಾಲೆ ಬಟನ್ ಒತ್ತಿದ ಕೂಡ್ಲೆ ಡಿಸೈನ್ ಕಣ್ಣ ಮುಂದ!" ಎಂದೆ.

ಸಂಗತಿ ಸರಳ. ಯಂತ್ರ ಚಾಲೂ ಆದಾಗ ಮೊದಲು ಏಳುವುದು ಕರ್ನೆಲ್ ಎಂಬ ಯಜಮಾನ. ಡಿಸ್ಕಿನ ಬಾಗಿಲು ಆಗಿನ್ನೂ ತೆರೆದಿರುವುದಿಲ್ಲ. ಅದು ತೆರೆಯುವವರೆಗೆ ಬೇಕಾದಷ್ಟನ್ನು ಬೂಟ್ ಇಮೇಜ್ ಎಂಬ ಸಣ್ಣ ಬುತ್ತಿಯಲ್ಲಿ ಕಟ್ಟಿಟ್ಟಿರುತ್ತಾರೆ. ಯಜಮಾನರು ಅದನ್ನು ಮೆಮೊರಿಯಲ್ಲಿ ಬಿಚ್ಚಿಕೊಳ್ಳುತ್ತಾರೆ. ಸಣ್ಣ ಬುತ್ತಿ! ಇಳಕಲ್ಲಿನಿಂದ ಬಾದಾಮಿಗೆ ಹೊರಟರೂ ಇಡೀ ಬಸ್ಸಿಗಾಗುವಷ್ಟು ರೊಟ್ಟಿ ಕಟ್ಟುವ ಮನೆತನ ನಮ್ಮದು. ಡಿಸ್ಕಿನ ಬಾಗಿಲು ಕಾಯುವುದೇ ಬೇಡವೆಂದು ಡಿಸೈನುಗಳು, ಇದ್ದಬದ್ದ ಸಾಫ್ಟ್‌ವೇರು, ಎಲ್ಲವನ್ನೂ ಅದಕ್ಕೇ ತುಂಬಿದೆ. ಏಳು ಜಿಬಿ ಆಯಿತು. ಮೆಮೊರಿ ಇದ್ದದ್ದು ನಾಲ್ಕು. ಎರಡೆರಡು ಪ್ರತಿ ಯಾಕೆಂದು ಮೂಲ ಫೈಲುಗಳನ್ನು ಅಳಿಸಿಯೂ ಬಿಟ್ಟೆ.

ಬಟನ್ ಒತ್ತಿದೆ. ಕಪ್ಪು ಪರದೆಯ ಮೇಲೆ 'ಪ್ಯಾನಿಕ್' ಎಂದು ಬಂತು.

"ಏನ ಬರದೈತ್ರಿ?"

"ಗಾಬರಿ ಆಗೇತಿ ಅಂತ."

"ಅದಕ್ಕೋ, ನಿಮಗೋ?"

ಪೆನ್‌ಡ್ರೈವ್ ಹಾಕಿ ಯಂತ್ರವನ್ನು ಎಬ್ಬಿಸಿ, ಇಮೇಜನ್ನು ಒತ್ತಿ ಒತ್ತಿ ಮೂರು ಜಿಬಿಗೆ ಇಳಿಸಿದೆ. ಮತ್ತೆ ಗಾಬರಿ!

"ಗಂಟ ಬಿಗದ ಕಟ್ಟಿದ್ರ ರೊಟ್ಟಿ ಕಡಿಮಿ ಆಗ್ತಾವೇನ್ರಿ? ಬಿಚ್ಚಿದ ಮ್ಯಾಲೆ ಅಷ್ಟ ಇರ್ತಾವಲ್ಲ?" ಎಂದಳು ಶಾಂತಾ.

ಕರ್ನೆಲ್ಲಿನ ಹೆಸರೂ ಕೇಳದವಳು ಖರೆ ಮಾತು ಹೇಳಿಬಿಟ್ಟಳು. ಅದೇ ಸಿಟ್ಟಿನಲ್ಲಿ ಮತ್ತೆ ಪೆನ್‌ಡ್ರೈವ್ ಹಾಕಿ ಎಬ್ಬಿಸಿದೆ; ಅದು ಏನನ್ನೋ ಕೇಳಿದಾಗ ಪೂರ್ತಿ ಓದದೆ 'ಹೌದು' ಒತ್ತಿದೆ. ಅದು ಕೇಳಿದ್ದು, ಡಿಸ್ಕನ್ನು ಪೂರಾ ಅಳಿಸಲೇ ಎಂದು!

ಅಷ್ಟರಲ್ಲಿ ಈರಪ್ಪ ಬಂದ. ಶಾಂತಾಳ ಎರಡು ತಿಂಗಳ ಕೆಲಸ ಹಾಳು ಮಾಡಿದ್ದೆ. ಅವಳ ಮುಖ ನೋಡಲು ನಾಚಿಕೆಯಾಯಿತು. ಅವಳು ಅಮೀನಗಡದ ಖಾಲಿ ಕರದಂಟಿನ ಡಬ್ಬಿಯಿಂದ ಮಡಚಿದ ಗ್ರಾಫ್ ಕಾಗದ ತೆಗೆದಳು. ಡಿಸೈನಿನ ಮೊದಲ ಕರಡು. ಬಣ್ಣ ತುಂಬಿರಲಿಲ್ಲ. ಒಂದೊಂದು ಸಾಲಿನ ಬಣ್ಣವನ್ನೂ ಅವಳು ನೆನಪಿನಿಂದಲೇ ಹೇಳಿದಳು, ಈರಪ್ಪ ಬರೆದುಕೊಂಡ. ಅವಳ ಮೆಮೊರಿ ಎಷ್ಟು ಜಿಬಿಯೋ!

"ಭಾಳ ಲಗೂನ ತೆರೀತಲ್ರಿ ಇದು, ಅಕ್ಕಾರ!" ಎಂದ ಈರಪ್ಪ.

ಫ್ಯಾನಿನ ಗಾಳಿಗೆ ಕಾಗದ ಏಳತೊಡಗಿತು.

"ಸುಮ್ನ ಯಾಕ ನಿಂತೀರಿ? ಅದರ ಮ್ಯಾಲೆ ಏನರ ವಜ್ಜಿ ಇಡ್ರಿ," ಎಂದಳು ಶಾಂತಾ.

ಲ್ಯಾಪ್‌ಟಾಪ್ ಇಟ್ಟೆ. ಇಟ್ಟ ಕೂಡಲೇ ಅದು ಕಾಗದ ಹಿಡಿಯುವ ಕೆಲಸ ಶುರು ಮಾಡಿತು. ನನ್ನ ಕೈಯಲ್ಲಿ ಇಷ್ಟು ಬೇಗ ಅದು ಎಂದೂ ಚಾಲೂ ಆಗಿರಲಿಲ್ಲ.