ಮೂರೂವರೆ ಸೆಂಟಿಮೀಟರ್ ಅವಮಾನ

ಮೊದಲೇ ಹೇಳಿಬಿಡುತ್ತೇನೆ. ತಪ್ಪು ಆ ಕಂಪ್ಯೂಟರ್ ಪೆಟ್ಟಿಗೆ ತಯಾರಿಸಿದವನದು. ಇದನ್ನು ಓದಿ ಮುಗಿಸುವ ಹೊತ್ತಿಗೆ ನೀವು ಬೇರೆ ತೀರ್ಮಾನಕ್ಕೆ ಬಂದರೆ ಅದು ನಿಮ್ಮಿಷ್ಟ. ನನ್ನ ಹೆಂಡತಿ ಈಗಾಗಲೇ ಆ ತೀರ್ಮಾನಕ್ಕೆ ಬಂದಿದ್ದಾಳೆ.

ನಾನು ಹರಿಹರದ ಒಂದು ಯಂತ್ರ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವನು. ಅಳೆಯುವುದೇ ನನ್ನ ಕೆಲಸ. ಕೂದಲೆಳೆಯಷ್ಟು ಹೆಚ್ಚು ಕಡಿಮೆ ಇದ್ದರೂ ಮಾಲು ವಾಪಸ್. ನಿವೃತ್ತನಾಗಿ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಮನೆಯಲ್ಲಿ ಕೂತ ಮೇಲೂ ನನ್ನ ವರ್ನಿಯರ್ ಕ್ಯಾಲಿಪರ್ ಕೈಗೆಟುಕುವಲ್ಲೇ ಇರುತ್ತದೆ. ಒಮ್ಮೆ ಊಟಕ್ಕೆ ಕೂತಾಗ ರೊಟ್ಟಿಯ ದಪ್ಪ ಅಳೆದು, ಒಂದು ಕಡೆ ಜಾಸ್ತಿ ಇದೆ ಎಂದೆ. ಆಮೇಲೆ ಮೂರು ದಿನ ನಮ್ಮ ಮನೆಯಲ್ಲಿ ರೊಟ್ಟಿಯೇ ಆಗಲಿಲ್ಲ.

ಹೆಂಡತಿ ಗಿರಿಜಾ ಬ್ಲೌಸ್ ಹೊಲಿಯುತ್ತಾಳೆ ಮತ್ತು ಬಸ್ ಓಡಿಸುತ್ತಾಳೆ. ಗಾಬರಿಯಾಗಬೇಡಿ, ಬಸ್ಸು ಕಂಪ್ಯೂಟರಿನೊಳಗೆ. ಮದುವೆಯಾಗಿ ರಾಣೆಬೆನ್ನೂರಿಗೆ ಹೋದ ಮಗಳು ಬಿಟ್ಟುಹೋದ ಹಳೇ ಲ್ಯಾಪ್‌ಟಾಪಿನಲ್ಲಿ ಅದೇನೋ ಬಸ್ಸಿನ ಆಟ ಹಿಡಿದುಕೊಂಡಳು. ಈಗ ಅವಳಿಗೊಂದು ಬಳಗವೂ ಇದೆ. ಇವಳೂ ಸೇರಿ ಬೇರೆ ಬೇರೆ ಊರಿನ ಹನ್ನೊಂದು ಮಂದಿ ಭಾನುವಾರ ಸಂಜೆ ನಾಲ್ಕಕ್ಕೆ ತಂತಮ್ಮ ಮನೆಯಲ್ಲಿ ಕೂತು ಸಾಲಾಗಿ ಬಸ್ಸು ಹೊರಡಿಸುತ್ತಾರೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಾತಾಡುತ್ತಾರೆ. ಎಲ್ಲರೂ ಇವಳಿಗೆ 'ಅಕ್ಕಾ' ಅನ್ನುತ್ತಾರೆ.

ಹೋದ ತಿಂಗಳು ಮೊದಲ ಸಲ ಸಾಲಿನ ಮುಂದಿನ ಬಸ್ಸನ್ನು ಇವಳಿಗೆ ಕೊಟ್ಟರು. ಘಾಟಿಯ ಮೂರನೇ ತಿರುವಿನಲ್ಲಿ ಲ್ಯಾಪ್‌ಟಾಪ್ ಕಾದು ಸ್ತಬ್ಧವಾಯಿತು. ಇವಳ ಬಸ್ಸು ರಸ್ತೆಗೆ ಅಡ್ಡ ನಿಂತಿತು, ಹಿಂದೆ ಹತ್ತು ಬಸ್ಸು ಹಾರನ್ ಹೊಡೆಯುತ್ತ ನಿಂತವು. ಅವತ್ತು ಗಿರಿಜಾ ಅತ್ತಳು. ಮಗಳನ್ನು ಕಳಿಸಿಕೊಡುವಾಗಲೂ ಕಣ್ಣು ಒರೆಸಿಕೊಂಡು ಸುಮ್ಮನಿದ್ದವಳು, ಒಂದು ಬಸ್ಸಿಗಾಗಿ ಅಡುಗೆಮನೆಯಲ್ಲಿ ನಿಂತು ಅತ್ತಳು. ನನಗೆ ನಿಜಕ್ಕೂ ಸಂಕಟವಾಯಿತು.

ಬಳಗದವರು ಒಳ್ಳೆಯವರು. "ಅಕ್ಕಾ, ಮುಂದಿನ ತಿಂಗಳು ಮತ್ತೆ ನೀವೇ ಮುಂದೆ" ಅಂದರು. ಇವಳು ಹೊಲಿಗೆ ದುಡ್ಡಿನಲ್ಲಿ ತೀರಾ ದುಬಾರಿಯೂ ಅಲ್ಲದ, ತೀರಾ ಅಗ್ಗವೂ ಅಲ್ಲದ ಒಂದು ಆಟದ ಕಂಪ್ಯೂಟರನ್ನು ಬಿಡಿ ಭಾಗ ತಂದು ಮನೆಯಲ್ಲೇ ಜೋಡಿಸುವುದೆಂದು ನಿರ್ಧರಿಸಿದಳು. ಹದಿನೈದು ದಿನ ವಿಡಿಯೋ ನೋಡಿ, ಬ್ಲೌಸಿನ ಅಳತೆ ಬರೆಯುವ ಪುಸ್ತಕದ ಕೊನೇ ಪುಟದಲ್ಲಿ ಪಟ್ಟಿ ಮಾಡಿದಳು. ಗುರುವಾರ ನಾಲ್ಕು ಬ್ಲೌಸ್ ಕೊಡುವುದಿತ್ತು. ಹಾಗಾಗಿ ಪಟ್ಟಿ ನನ್ನ ಕೈಗೆ ಬಂತು.

"ಇದರಾಗೆ ಇರೋದನ್ನ ತಗಂಬರ್ರಿ. ನಿಮ್ಮ ತಲೆ ಓಡಿಸಬ್ಯಾಡ್ರಿ" ಅಂದಳು.

ಮೂವತ್ತೊಂದು ವರ್ಷದ ಅನುಭವಸ್ಥನಿಗೆ ಆಡುವ ಮಾತೇ ಇದು?

ಪಿ.ಜೆ. ಬಡಾವಣೆಯ ಅಂಗಡಿಯಲ್ಲಿ ಮೊದಲ ಅರ್ಧ ಗಂಟೆ ಶಾಂತವಾಗಿಯೇ ಕಳೆಯಿತು. ಪ್ರೊಸೆಸರ್, ಮದರ್‌ಬೋರ್ಡ್, ಮೆಮೊರಿ ಎಲ್ಲ ಸೀಲು ಮಾಡಿದ ಡಬ್ಬಿಗಳು, ತಪ್ಪು ಹುಡುಕಲು ದಾರಿಯಿರಲಿಲ್ಲ. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಬಂತು. ಪರದೆಯ ಮೇಲೆ ಬಸ್ಸು ತಡವರಿಸದೆ ಓಡಬೇಕಾದರೆ ಇದೇ ಮುಖ್ಯವಂತೆ. ಗಿರಿಜಾ ಬರೆದಿದ್ದು ಎರಡು ಫ್ಯಾನಿನದು. ಪಕ್ಕದಲ್ಲೇ ಹೆಚ್ಚುಕಡಿಮೆ ಅದೇ ಬೆಲೆಗೆ ಮೂರು ಫ್ಯಾನಿನದು ಕೂತಿತ್ತು. ಲ್ಯಾಪ್‌ಟಾಪ್ ಕಾದಿದ್ದಕ್ಕೆ ತಾನೇ ಹೆಂಡತಿ ಅತ್ತದ್ದು? ಎರಡು ಫ್ಯಾನು ಒಳ್ಳೆಯದೋ, ಮೂರೋ? ಮೂರೇ ತಗೊಂಡೆ.

ಇನ್ನು ಇವನ್ನೆಲ್ಲ ಕೂರಿಸುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್. ಪಟ್ಟಿಯಲ್ಲಿದ್ದದ್ದಕ್ಕೆ ಒಂದು ಪಕ್ಕ ಪೂರ್ತಿ ಗಾಜು, ಒಳಗೆ ಬಣ್ಣಬಣ್ಣದ ದೀಪ.

"ಇದು ಕಂಪ್ಯೂಟರೋ, ಬೇಕರಿ ಶೋಕೇಸೋ?" ಎಂದು ಕೇಳಿದೆ.

"ಈಗ ಎಲ್ಲಾರೂ ಇದನ್ನೇ ಒಯ್ತಾರ್ರಿ ಸರ್" ಅಂದ ಅಂಗಡಿಯವನು.

ಎಲ್ಲರೂ ಒಯ್ಯುವುದನ್ನು ನಾನು ಒಯ್ಯುವುದಿಲ್ಲ. ಮೂಲೆಯಲ್ಲಿ ಧೂಳು ಹಿಡಿದ ಒಂದು ಕಪ್ಪು ಪೆಟ್ಟಿಗೆ ಕಂಡಿತು. ಬೆರಳ ಗೆಣ್ಣಿನಿಂದ ಬಡಿದೆ. ಗಟ್ಟಿ ತಗಡು, ತುಂಬಿದ ಸದ್ದು. ಇದೇ ಇರಲಿ ಅಂದೆ.

"ಸರ್, ಆ ಕಾರ್ಡು ಉದ್ದ ಐತ್ರಿ. ಈ ಡಬ್ಬಿ ಒಳಗೆ..."

ನಾನು ಕೈ ಎತ್ತಿ ತಡೆದೆ. "ಅಳತೆ ವಿಷಯ ನನಗೆ ಬಿಡ್ರಿ."

ಜೇಬಿನಿಂದ ಸ್ಟೀಲ್ ಸ್ಕೇಲ್ ತೆಗೆದು ಅಲ್ಲೇ ಅಳೆದೆ. ಪೆಟ್ಟಿಗೆ ಮೂವತ್ತೆಂಟು ಸೆಂಟಿಮೀಟರ್, ಕಾರ್ಡು ಮೂವತ್ತೂವರೆ. ಏಳೂವರೆ ಸೆಂಟಿಮೀಟರ್ ಮಿಗುತ್ತದೆ. ಅಂಗಡಿಯವನು ಬಾಯಿ ಮುಚ್ಚಿದ. ಆಗ ಅದನ್ನು ಗೌರವ ಅಂದುಕೊಂಡೆ.

ಶುಕ್ರವಾರ ನಾನೇ ಜೋಡಣೆ ಶುರುಮಾಡಿದೆ. ಎಲ್ಲ ಸರಿಯಾಗಿ ಕೂತವು, ಕಾರ್ಡು ಮಾತ್ರ ಕೂರಲಿಲ್ಲ. ಪೆಟ್ಟಿಗೆಯ ಮುಂಭಾಗದ ಒಳಗೆ ಹಾರ್ಡ್ ಡಿಸ್ಕ್ ಇಡಲೆಂದು ಒಂದು ತಗಡಿನ ಗೂಡು ಮಾಡಿದ್ದರು. ಕಾರ್ಡಿನ ಮೂತಿ ಹೋಗಿ ಅದಕ್ಕೆ ಬಡಿಯುತ್ತಿತ್ತು. ಅಳೆದೆ. ಒಳಗೆ ಸಿಗುವ ಜಾಗ ಇಪ್ಪತ್ತೇಳು ಸೆಂಟಿಮೀಟರ್. ಮೂರೂವರೆ ಸೆಂಟಿಮೀಟರ್ ಕಡಿಮೆ!

ಕೂದಲೆಳೆಗೆ ಮಾಲು ವಾಪಸ್ ಕಳಿಸಿದವನು ನಾನು. ಹೊರಗೆ ಒಂದು ಅಳತೆ, ಒಳಗೆ ಇನ್ನೊಂದು ಅಳತೆ ಇಟ್ಟು ಜನರನ್ನು ನಂಬಿಸುವುದು ಯಾವ ನ್ಯಾಯ? ನನ್ನ ಮೈ ಉರಿಯಿತು.

"ರೀ, ಆ ಗೂಡು ಬಿಚ್ಚಾಕೆ ಬರತೈತೇನೋ ನೋಡ್ರಿ" ಅಂದಳು ಗಿರಿಜಾ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ. "ಜೊತಿಗೆ ಒಂದು ಪುಸ್ತಕ ಕೊಟ್ಟಾರಲ್ಲ."

"ರಿವೆಟ್ ಹೊಡೆದಾರೆ, ಬಿಚ್ಚಾಕೆ ಬರಲ್ಲ. ನನಗೆ ಗೊತ್ತಾಗಲ್ವಾ? ಮೂವತ್ತೊಂದು ವರ್ಷ ಯಂತ್ರ ನೋಡಿದವನು ನಾನು ಪುಸ್ತಕ ಓದಬೇಕಾ?"

"ಹಂಗಾರೆ ಅಂಗಡಿಯೋರಿಗೆ ಫೋನ್ ಮಾಡ್ರಿ."

ಮಾಡಿದೆ. ಅಂಗಡಿಯವನು ಜಗಳಕ್ಕೆ ಬಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವನು ಮೆತ್ತಗೆ, "ಬರ್ರಿ ಸರ್, ಬದಲಿ ಕೊಡ್ತೀನಿ. ಅಮ್ಮಾರು ಬರೆದಿದ್ದ ಎರಡು ಫ್ಯಾನಿಂದು ಇಟ್ಟೀನಿ" ಅಂದ.

ಇಟ್ಟಿದ್ದಾನಂತೆ! ಅಂದರೆ ನಾನು ವಾಪಸ್ ಬಂದೇ ಬರುತ್ತೇನೆಂದು ಗುರುವಾರವೇ ಎತ್ತಿಟ್ಟಿದ್ದಾನೆ. ಬೇರೆಯವರ ಮಾಲು ವಾಪಸ್ ಕಳಿಸುವುದು ನನ್ನ ವೃತ್ತಿಯಾಗಿತ್ತು. ನನ್ನ ಮಾಲು ವಾಪಸ್ ಹೋಗಕೂಡದು. ಫೋನ್ ಇಟ್ಟು, ತಯಾರಕರಿಗೆ ಒಂದು ಪತ್ರ ಬರೆದೆ. 'ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ತಾವು ತಯಾರಿಸಿರುವ ಪೆಟ್ಟಿಗೆಯ ಆಂತರಿಕ ಅಳತೆಯು ಬಾಹ್ಯ ಅಳತೆಗೆ ವಿಶ್ವಾಸದ್ರೋಹ ಎಸಗಿರುತ್ತದೆ.' ಎರಡು ಪುಟ ಆಯಿತು.

ಶನಿವಾರ ಬೆಳಿಗ್ಗೆ ಹರಿಹರಕ್ಕೆ ಹೊರಟೆ. ಅಲ್ಲಿ ರುದ್ರಣ್ಣನ ವರ್ಕ್‌ಶಾಪ್ ಇದೆ. ಕಾರ್ಖಾನೆಯಲ್ಲಿ ನನ್ನ ಜೊತೆಗಿದ್ದವನು, ಈಗ ಸ್ವಂತ ಲೇತ್ ಯಂತ್ರ ಇಟ್ಟುಕೊಂಡಿದ್ದಾನೆ. ಹರಿಹರದವರು ಯಾವ ಯಂತ್ರಕ್ಕೂ ಹೆದರಿದವರಲ್ಲ. ಹೊರಡುವ ಮೊದಲು ಗಿರಿಜಾ ಮದರ್‌ಬೋರ್ಡ್ ಮತ್ತೆ ಉಳಿದದ್ದನ್ನೆಲ್ಲ ಬಿಚ್ಚಿ ತೆಗೆದಿಟ್ಟುಕೊಂಡಳು. "ಖಾಲಿ ಡಬ್ಬಿ ಒಯ್ರಿ. ನಾಳೆ ನಾಕಕ್ಕೆ ನನಗೆ ಬೇಕು" ಅಂದಳು. ಖಾಲಿ ಪೆಟ್ಟಿಗೆಯನ್ನು ಸ್ಕೂಟರಿನಲ್ಲಿ ಕಾಲ ಮುಂದೆ ಇಟ್ಟುಕೊಂಡು ಹೋದೆ. ದಾರಿಯಲ್ಲಿ ಒಬ್ಬರು ಅದೇನು ಕೋಳಿ ಗೂಡೇ ಎಂದು ಕೇಳಿದರು. ಸ್ಕೂಟರಿನ ವೇಗ ಹೆಚ್ಚಿಸಿದೆ.

ರುದ್ರಣ್ಣ ಪೆಟ್ಟಿಗೆಯನ್ನು ಮೂರು ಸುತ್ತು ತಿರುಗಿಸಿ ನೋಡಿದ.

"ಸಾಹೇಬ್ರೆ, ಗೂಡು ಕೊಯ್ದು ತೆಗಿಬೌದು. ಆದ್ರೆ ನಮ್ಮ ತಗಡು ಕೊಯ್ಯೋ ಗ್ರೈಂಡರ್ ಒಳಗೆ ಹೋಗಲ್ಲ."

"ಮತ್ತೆ?"

"ಮುಂದ್ಗಡೆ ಒಂದು ಕಿಟಕಿ ಕೊಯ್ಯಾಣ. ಅಲ್ಲಿಂದ ಕೈ ಹಾಕಾಣ."

ತಾಂತ್ರಿಕವಾಗಿ ಸರಿಯಾದ ಸಲಹೆ. ಮುಂದೆ ಕಿಟಕಿ ಬಿತ್ತು, ಕಿಡಿ ಹಾರಿತು. ಗೂಡಿನ ಮುಕ್ಕಾಲು ಭಾಗ ತುಂಡಾಗಿ ಹೊರಬಂತು. ಕೆಳಗಿನ ಒಂದು ಮೋಟು ಮಾತ್ರ ಗ್ರೈಂಡರಿಗೆ ಸಿಗದೆ ಉಳಿಯಿತು. ಅದು ಕಾರ್ಡಿಗೆ ಅಡ್ಡ ಬರುವುದಿಲ್ಲ ಎಂದು ಬಿಟ್ಟೆವು. ಹೊರಬಂದ ತುಂಡುಗಳ ಜೊತೆಗೆ ಒಂದು ಸಣ್ಣ ವೈರೂ ಕತ್ತರಿಸಿ ಬಂದಿತ್ತು.

"ಇದ್ಯಾವ್ದು ಸಾಹೇಬ್ರೆ?"

ಕಂಪ್ಯೂಟರ್ ಆನ್ ಮಾಡುವ ಗುಂಡಿಯ ವೈರು. ಗುಂಡಿ ಕೂಡ ಕಿಟಕಿಯ ಜೊತೆಗೇ ಹೋಗಿತ್ತು.

ರುದ್ರಣ್ಣ ಎದೆಗುಂದುವ ಮನುಷ್ಯನಲ್ಲ. ಮಂಡಕ್ಕಿ ಮೆಣಸಿನಕಾಯಿ ತರಿಸಿ, ತಿನ್ನುತ್ತಲೇ ಯೋಚಿಸಿ, ಹಳೇ ಲೇತಿನಿಂದ ಬಿಚ್ಚಿದ್ದ ಸ್ಟಾರ್ಟರ್ ಗುಂಡಿಗಳನ್ನು ತಂದ. ಅಂಗೈಯಗಲದ ಡಬ್ಬಿಯಲ್ಲಿ ಒಂದು ಹಸಿರು, ಒಂದು ಕೆಂಪು. ಕಿಟಕಿಗೆ ದಪ್ಪ ತಗಡು ಇಟ್ಟು ವೆಲ್ಡ್ ಮಾಡಿದ, ಅದರ ಮೇಲೆ ಗುಂಡಿಗಳನ್ನು ಕೂರಿಸಿದ. ಹಸಿರು ಗುಂಡಿಗೆ ವೈರು ಕೊಟ್ಟ.

"ಕೆಂಪಿಗೆ?" ಎಂದು ಕೇಳಿದೆ.

"ಅದಕ್ಕೆ ಬ್ಯಾಡ. ನೋಡಾಕೆ ಜೋಡಿ ಇರ್ಲಿ."

ಕಪ್ಪು ಬಣ್ಣ ಇರಲಿಲ್ಲ. ಯಂತ್ರಗಳಿಗೆ ಹೊಡೆಯುವ ಹಸಿರು ಬಣ್ಣವನ್ನೇ ಬಳಿದ. ವೆಲ್ಡಿಂಗ್ ಶಾಖಕ್ಕೆ ಪೆಟ್ಟಿಗೆ ತುಸು ಸೊಟ್ಟಗಾಗಿ ಒಂದು ಕಾಲು ನೆಲ ಮುಟ್ಟುತ್ತಿರಲಿಲ್ಲ. ಒಟ್ಟಾರೆ ಕೆಲಸ ಮಾತ್ರ ಅಚ್ಚುಕಟ್ಟಾಗಿತ್ತು. ನಾನು ಸ್ಕೇಲ್ ಇಟ್ಟು ಅಳೆದು ಪಾಸ್ ಮಾಡಿದೆ.

ಭಾನುವಾರ ಬೆಳಿಗ್ಗೆ ಬಣ್ಣ ಒಣಗಿದ ಮೇಲೆ ಅದನ್ನು ಗಿರಿಜಾಳ ಮುಂದಿಟ್ಟೆ. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಒಳಗೆ ಹೋಗಿ ಆ ಪುಸ್ತಕ ತಂದು ನಾಲ್ಕನೇ ಪುಟ ತೆರೆದು ನನ್ನ ಕೈಗೆ ಕೊಟ್ಟಳು. ಅದರಲ್ಲಿ ಓದುವಂಥದ್ದೇನೂ ಇರಲಿಲ್ಲ. ಒಂದು ಚಿತ್ರ, ಒಂದು ಗೂಡು, ಎರಡು ಸ್ಕ್ರೂ, ಒಂದು ಬಾಣದ ಗುರುತು, ಅಷ್ಟೇ.

ಆಮೇಲೆ ಅವಳು ಪೆಟ್ಟಿಗೆಯ ಅಡಿಗೆ ಕೈ ಹಾಕಿದಳು. ಸ್ಕ್ರೂ ಡ್ರೈವರ್ ಕೂಡ ತಗೊಳ್ಳಲಿಲ್ಲ. ಎರಡು ಬೆರಳಲ್ಲಿ ಒಂದು ಸ್ಕ್ರೂ ತಿರುಗಿಸಿದಳು, ಇನ್ನೊಂದು ತಿರುಗಿಸಿದಳು. ನಾವು ಕೊಯ್ದು ಉಳಿಸಿದ್ದ ಮೋಟು ಅನಾಯಾಸವಾಗಿ ಜಾರಿ ಅವಳ ಅಂಗೈಗೆ ಬಂತು.

"ರಿವೆಟ್" ಅಂದಳು. ಅಷ್ಟೇ ಅಂದಳು.

ನಾನು ಏನಾದರೂ ಹೇಳಬೇಕಿತ್ತು. ರಿವೆಟ್ ಇದ್ದದ್ದು ಪಕ್ಕದ ತಗಡಿಗೆ, ಅದು ಯಾರನ್ನಾದರೂ ದಾರಿ ತಪ್ಪಿಸುವಂತಿದೆ ಎಂದು ಶುರುಮಾಡಿದೆ. "ನೀವು ಅಲ್ಲಿ ಕೂಡ್ರಿ ಸುಮ್ನೆ" ಅಂದಳು. ಕೂತೆ.

ಹೊಲಿಗೆ ಯಂತ್ರದ ಬ್ರಷ್ಷಿನಿಂದ ಮೂಲೆ ಮೂಲೆಯ ಕಬ್ಬಿಣದ ಪುಡಿ ತೆಗೆದಳು, ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟಳು. ಆರಿದ ಮೇಲೆ ಮದರ್‌ಬೋರ್ಡ್ ಮತ್ತೆ ಉಳಿದದ್ದನ್ನೆಲ್ಲ ಮರುಜೋಡಿಸಿದಳು. ತನ್ನ ಬಟ್ಟೆ ಟೇಪಿನಿಂದ ಒಳಗಿನ ಜಾಗ ಅಳೆದು, ಆಮೇಲೆ ಕಾರ್ಡು ಅಳೆದು, ಆಮೇಲೆ ಕೂರಿಸಿದಳು. ಒಳಗಡೆ ಅಳೆಯುವುದು ಬ್ಲೌಸ್ ಹೊಲಿಯುವವರಿಗೆ ಯಾರೂ ಹೇಳಿಕೊಡಬೇಕಿಲ್ಲ ಎಂದು ಆಗ ಹೊಳೆಯಿತು. ಪೆಟ್ಟಿಗೆ ಓಲಾಡುತ್ತಿತ್ತು. ಮೇಜಿನ ಮೇಲೆ ಕಂಡ ನನ್ನ ಎರಡು ಪುಟದ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಆ ಕಾಲಿನಡಿ ಇಟ್ಟಳು. ಅಳತೆ ಸರಿಯಾಗಿ ಕೂತಿತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಹಸಿರು ಗುಂಡಿ ಒತ್ತಿದಳು. ಮೂರು ಫ್ಯಾನೂ ತಿರುಗಿದವು. ಬಸ್ಸುಗಳು ಹೊರಟವು. ನಾನು ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತೆ. ಒಂದನೇ ತಿರುವು, ಎರಡನೇ ತಿರುವು. ಮೂರನೇ ತಿರುವಿನಲ್ಲಿ ನಾನು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡೆ. ಬಸ್ಸು ನಿಲ್ಲಲಿಲ್ಲ, ಹಿಂದೆ ಹತ್ತೂ ಬಸ್ಸು ಇಳಿದು ಬಂದವು. ಗಿರಿಜಾಳ ಮುಖ ನೋಡಿ ನನಗೆ ಎರಡು ದಿನದ ಉರಿಯೆಲ್ಲ ಇಳಿಯಿತು.

"ಅರವತ್ತರ ಮೇಲೆ ಹೋಗ್ತಿದೀಯ, ತಿರುವಿನಲ್ಲಿ ನಲವತ್ತು ಇರಬೇಕು" ಅಂದೆ, ಸಹಾಯವಾಗಲೆಂದು.

ಹೆಡ್‌ಫೋನಿನ ಆ ಕಡೆಯಿಂದ ಯಾರೋ ಅದ್ಯಾರ ಧ್ವನಿ ಎಂದು ಕೇಳಿರಬೇಕು. ಗಿರಿಜಾ ರಸ್ತೆಯಿಂದ ಕಣ್ಣು ತೆಗೆಯದೆ, "ಯಾರೂ ಇಲ್ರಪ್ಪ, ನಮ್ಮ ಬಸ್ಸಿನ ಕ್ಲೀನರ್ರು" ಅಂದಳು.

ತಪಾಸಣೆ ವಿಭಾಗದ ಮುಖ್ಯಸ್ಥನಾಗಿ ನಿವೃತ್ತನಾದವನು ನಾನು. ಸಿಟ್ಟು ನೆತ್ತಿಗೇರಿತು. ಎದ್ದು ಹೋಗಿ ಕೆಂಪು ಗುಂಡಿಯನ್ನು ಜೋರಾಗಿ ಒತ್ತಿದೆ. ಬಸ್ಸು ತನ್ನ ಪಾಡಿಗೆ ಓಡುತ್ತಲೇ ಇತ್ತು. ರುದ್ರಣ್ಣ ಅದಕ್ಕೆ ವೈರು ಕೊಟ್ಟಿರಲಿಲ್ಲ ಎಂಬುದು ನೆನಪಾಗಿ ಬಂದು ಕೂತೆ. ನೋಡಲು ಜೋಡಿ ಇರಲಿ ಎಂದು ಇಟ್ಟುಕೊಂಡದ್ದು, ನನ್ನನ್ನೂ ಸೇರಿಸಿ, ಈ ಮನೆಯಲ್ಲಿ ಈಗ ಎರಡಾಯಿತು.